ಮುಗ್ಗಟ್ಟಿನ ಕಾಲದ ಆಯವ್ಯಯ: ಕೊರತೆಯ ಅರ್ಥವಿಚಾರ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಸಂಸಾರಸ್ಥನಿಗೆ ಹೇಳುವಂತೆ ಸರಕಾರಕ್ಕೂ ಹೇಳುವುದು ವಾಡಿಕೆ. ವರಮಾನ ಕುಗ್ಗಿದಾಗ ವೆಚ್ಚವನ್ನೂ ಕುಗ್ಗಿಸುವುದು ಒಂದು ಮನೆತನದ ಮಟ್ಟಿಗೆ ವಿವೇಕವೇ ಸರಿ. ಆದರೆ ಒಬ್ಬನ ವೆಚ್ಚವೇ ಮತ್ತೊಬ್ಬನ ವರಮಾನವಾಗಿರುವ ಸಮಾಜದಲ್ಲಿ ಎಲ್ಲರೂ ಕೈ ಬಿಗಿಹಿಡಿದಿರುವಾಗ ಸರಕಾರವೂ ಹಾಗೆಯೇ ಮಾಡಿದರೆ ಹಾಸಿಗೆಯೇ ಮತ್ತಷ್ಟು ಚಿಕ್ಕದಾಗುತ್ತದೆ. 1936ರಲ್ಲಿ ಪ್ರಕಟವಾದ ಕೇನ್ಸ್ ಅವರ ಗ್ರಂಥವು ಈ ವಿಚಾರಕ್ಕೆ ಶಾಸ್ತ್ರೀಯ ಆಧಾರವನ್ನು ಒದಗಿಸಿತು.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪಣೆಯನ್ನು ನಾವು ಆಗಾಗ ಕೇಳುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನವು 1930ರ ದಶಕದಲ್ಲಿ ವರ್ಷವರ್ಷವೂ ಸಾಲಮಾಡಿ ವೆಚ್ಚಮಾಡಿತು. ಆದರೂ ನಿರುದ್ಯೋಗ ತೊಲಗಲಿಲ್ಲ. ಆದುದರಿಂದ ಕೊರತೆಯ ಆಯವ್ಯಯವು ನಿಷ್ಫಲವೆಂದು ಸಿದ್ಧವಾಯಿತು ಎಂಬುದೇ ಆ ವಾದ. ಇದರ ಬಲಾಬಲವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಅಂಕಿಗಳನ್ನು ನೋಡೋಣ. 1930ರ ಹಣಕಾಸಿನ ವರ್ಷದಲ್ಲಿ ಅಮೆರಿಕದ ಕೇಂದ್ರ ಸರಕಾರಕ್ಕೆ ಸುಮಾರು 406 ಕೋಟಿ ಡಾಲರುಗಳ ವರಮಾನವಿದ್ದು 74 ಕೋಟಿಯಷ್ಟು ಉಳಿತಾಯವಾಗಿತ್ತು. 1932ರ ವೇಳೆಗೆ ವರಮಾನವು 192 ಕೋಟಿಗೆ ಇಳಿದು, ಸುಮಾರು 273 ಕೋಟಿ ಡಾಲರುಗಳ ಕೊರತೆ ತಲೆದೋರಿತು. ಈ ವ್ಯತ್ಯಾಸದ ಐದು ಪಾಲಿನಲ್ಲಿ ಮೂರು ಪಾಲು ವರಮಾನದ ಕುಸಿತದಿಂದಲೇ ಉಂಟಾದುದು. ಜ್ವರದಿಂದ ಮೈ ಬಿಸಿಯಾದುದನ್ನು ಕಂಡು, ಆ ಬಿಸಿಯೇ ವೈದ್ಯನು ಕೊಟ್ಟ ಔಷಧವೆಂದು ಎಣಿಸಬಹುದೇ? ವಾಸ್ತವವಾಗಿ ನಡೆದ ಚಿಕಿತ್ಸೆ ಬೇರೆಯೇ ಆಗಿತ್ತು. 1932ರಲ್ಲಿ ವರಮಾನ ತೆರಿಗೆಯ ಗರಿಷ್ಠ ದರವನ್ನು ಶೇಕಡ 25ರಿಂದ 63ಕ್ಕೆ ಏರಿಸಲಾಯಿತು. 1933ರಲ್ಲಿ ಅಧಿಕಾರಕ್ಕೆ ಬಂದ ರೂಸ್‌ವೆಲ್ಟರೂ ಮೊದಲ ತಿಂಗಳಲ್ಲಿಯೇ ನೌಕರರ ಸಂಬಳವನ್ನೂ ಮಾಜಿ ಯೋಧರ ಪಿಂಚಣಿಯನ್ನೂ ಕಡಿತಗೊಳಿಸುವ ಶಾಸನವನ್ನು ತಂದರು.

ಇ. ಕೇರಿ ಬ್ರೌನ್ ಅವರು 1956ರಲ್ಲಿ ಪ್ರಕಟಿಸಿದ ಲೇಖನವು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಪೂರ್ಣ ಉದ್ಯೋಗವಿದ್ದಿದ್ದರೆ ಆಯಾ ವರ್ಷದ ತೆರಿಗೆ ದರಗಳಿಂದ ಎಷ್ಟು ಹಣ ಬರುತ್ತಿತ್ತೆಂದು ಗಣಿಸಿ, ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸರಕಾರಗಳ ಆಯವ್ಯಯಗಳನ್ನು ಅವರು ಒಟ್ಟಾಗಿ ತೂಗಿದರು. 1929ಕ್ಕೆ ಹೋಲಿಸಿದರೆ, ಸರಕಾರಗಳ ನೀತಿಯು ಬೇಡಿಕೆಗೆ ಸ್ಪಷ್ಟವಾಗಿ ಹೆಚ್ಚಿನ ಆಸರೆ ನೀಡಿದುದು 1931 ಮತ್ತು 1936 ಈ ಎರಡೇ ವರ್ಷಗಳಲ್ಲಿ ಎಂದು ಅವರಿಗೆ ಕಂಡುಬಂದಿತು. ಆ ಎರಡು ವರ್ಷಗಳಲ್ಲಿಯೂ ಅಮೆರಿಕದ ಶಾಸನಸಭೆಯು ಅಧ್ಯಕ್ಷರ ವಿರೋಧವನ್ನು ಮೀರಿ ಮಾಜಿ ಯೋಧರಿಗೆ ಹಣ ಕೊಡಿಸಿತ್ತೆಂಬುದು ಗಮನಾರ್ಹ. ಉಳಿದ ವರ್ಷಗಳಲ್ಲಿ ಕೇಂದ್ರದ ವೆಚ್ಚದ ಫಲವನ್ನು ಏರುತ್ತಿದ್ದ ತೆರಿಗೆಗಳು ಬಹುಪಾಲು ಅಳಿಸಿಹಾಕಿದುವು.

ಆದರೆ ಈ ನಿರ್ಣಯದ ಮಿತಿಯನ್ನೂ ನಾವು ಮರೆಯಲಾಗದು. ಔಷಧವನ್ನು ಕೊಡಲಿಲ್ಲವೆಂದು ತೋರಿಸುವುದು ಒಂದು. ಕೊಟ್ಟಿದ್ದರೆ ರೋಗ ವಾಸಿಯಾಗುತ್ತಿತ್ತೆಂದು ಸಾಧಿಸುವುದು ಇನ್ನೊಂದು. ಎರಡನೆಯದಕ್ಕೆ 1937ರ ಉದಾಹರಣೆಯನ್ನು ಕೊಡುವುದುಂಟು. 1936ರಲ್ಲಿ 430 ಕೋಟಿ ಡಾಲರುಗಳಷ್ಟಿದ್ದ ಕೊರತೆಯನ್ನು 1938ರ ವೇಳೆಗೆ 9 ಕೋಟಿಗೆ ಇಳಿಸಿದಾಗ ಉತ್ಪಾದನೆ ಮತ್ತೆ ಕುಸಿಯಿತು. ನಿರುದ್ಯೋಗವು ಶೇಕಡ 14ರಿಂದ 19ಕ್ಕೆ ಏರಿತು. ನಿದರ್ಶನವು ಪ್ರಬಲವಾದುದೇ. ಆದರೂ ಅದೇ ಅವಧಿಯಲ್ಲಿ ಬ್ಯಾಂಕುಗಳು ಕಡ್ಡಾಯವಾಗಿ ಇಡಬೇಕಾದ ಮೀಸಲು ನಿಧಿಯ ಪ್ರಮಾಣವನ್ನು ಇಮ್ಮಡಿಗೊಳಿಸಲಾಗಿತ್ತು. ಎರಡು ಕಾರಣಗಳು ಏಕಕಾಲದಲ್ಲಿ ಕೆಲಸಮಾಡಿರುವಾಗ ಫಲವನ್ನೆಲ್ಲ ಒಂದಕ್ಕೇ ಆರೋಪಿಸುವುದು ನ್ಯಾಯವಲ್ಲ. 1933ರ ಅನಂತರದ ಚೇತರಿಕೆಗೆ ಹಣದ ಪರಿಮಾಣದ ಹೆಚ್ಚಳವೇ ಮುಖ್ಯ ಕಾರಣವೆಂದು ಕ್ರಿಸ್ಟಿನಾ ರೋಮರ್ ಅವರು 1992ರಲ್ಲಿ ವಾದಿಸಿದುದನ್ನೂ ಇಲ್ಲಿ ನೆನೆಯಬೇಕು.

ಅಮೆರಿಕದ ಈ ಪಾಠವನ್ನು ನಮ್ಮಂತಹ ದೇಶಕ್ಕೆ ಅನ್ವಯಿಸುವಾಗ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಸ್ಥಾಪಿಸಿದ ಡಾ. ವಿ. ಕೆ. ಆರ್. ವಿ. ರಾವ್ ಅವರು 1952ರಷ್ಟು ಹಿಂದೆಯೇ ಈ ವಿಷಯವನ್ನು ಚರ್ಚಿಸಿದ್ದರು. ಅಮೆರಿಕದಲ್ಲಿ ಆಳುಗಳೊಡನೆ ಯಂತ್ರಗಳೂ ಸುಮ್ಮನೆ ಬಿದ್ದಿದ್ದುವು; ಬೇಡಿಕೆ ಬಂದರೆ ಕಾರ್ಖಾನೆ ತೆರೆಯುತ್ತಿತ್ತು. ಬಂಡವಾಳವೂ ಸಲಕರಣೆಯೂ ಇಲ್ಲದೆ ಕೈಗಳು ಮಾತ್ರ ಬಿಡುವಾಗಿರುವಲ್ಲಿ, ಸರಕಾರದ ಹೆಚ್ಚುವರಿ ವೆಚ್ಚವು ಉತ್ಪನ್ನವನ್ನು ಬೆಳೆಸುವುದಕ್ಕಿಂತ ಬೆಲೆಗಳನ್ನು ಏರಿಸುವ ಸಂಭವವೇ ಅಧಿಕ.

ಆದಕಾರಣ ಕೊರತೆಯ ಮೊತ್ತವೊಂದನ್ನೇ ನೋಡಿ ಸರಕಾರವನ್ನು ಹೊಗಳುವುದೂ ತೆಗಳುವುದೂ ಅವಿಚಾರಿತ. ಈ ಕೊರತೆ ವರಮಾನದ ಕುಸಿತದಿಂದ ಬಂದುದೇ, ಉದ್ದೇಶಪೂರ್ವಕವಾದ ವೆಚ್ಚದಿಂದ ಬಂದುದೇ? ರಾಜ್ಯಗಳೂ ನಗರಸಭೆಗಳೂ ಅದೇ ಕಾಲದಲ್ಲಿ ಏನು ಮಾಡುತ್ತಿದ್ದುವು? ಸುಮ್ಮನೆ ಬಿದ್ದಿರುವುದು ಕೈಗಳು ಮಾತ್ರವೇ, ಯಂತ್ರಗಳೂ ಹೌದೇ? ಆಯವ್ಯಯ ಪತ್ರಿಕೆಯನ್ನು ಓದುವ ವಿದ್ಯಾರ್ಥಿಯು ಮೊದಲು ಈ ಮೂರು ಪ್ರಶ್ನೆಗಳನ್ನು ಕೇಳಬೇಕು. ರೋಗನಿರ್ಣಯ ತಪ್ಪಿದರೆ ಅದರ ದಂಡವನ್ನು ತೆರುವವರು ಪಂಡಿತರಲ್ಲ, ಕೆಲಸ ಕಳೆದುಕೊಂಡವರು. ಆದುದರಿಂದ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ತೀರ್ಪನ್ನು ತಡೆಹಿಡಿಯುವುದೇ ಯೋಗ್ಯವೆಂದು ನಾವು ಭಾವಿಸುತ್ತೇವೆ.