ಕಳಚಿದ ಕ್ಲಚ್ ಪ್ಲೇಟನ್ನು ಯಾರು ನೋಡುತ್ತಾರೆ?

ಡೀಸೆಲ್ ಕಾರಿನ ಕ್ಲಚ್ ಬದಲಾಯಿಸುವ ಕೆಲಸದಲ್ಲಿ ಹೆಚ್ಚಿನ ದುಡಿಮೆ ಕ್ಲಚ್ಚಿನದಲ್ಲ, ಅದರ ಹತ್ತಿರ ಹೋಗುವುದರದು. ಬ್ಯಾಟರಿ ಬಿಚ್ಚಬೇಕು, ಗೇರ್ ಆಯಿಲ್ ಇಳಿಸಬೇಕು, ಎರಡೂ ಬದಿಯ ಆಕ್ಸಲ್ ಎಳೆಯಬೇಕು, ಎಂಜಿನ್ನಿಗೆ ಆಸರೆ ಕೊಟ್ಟು ಗೇರ್‌ಬಾಕ್ಸನ್ನು ಕೆಳಗಿಳಿಸಬೇಕು. ಇಷ್ಟಾದ ಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಬಿಚ್ಚಿದರೆ ಕ್ಲಚ್ ಪ್ಲೇಟ್ ಕೈಗೆ ಬರುತ್ತದೆ. ಮುಂದಿನದು ನಮ್ಮ ಬಹುಪಾಲು ಗ್ಯಾರೇಜುಗಳಲ್ಲಿ ಒಂದೇ ಥರ: ಹಳೆಯದು ಗುಜರಿ ಮೂಲೆಗೆ, ಹೊಸ ಸೆಟ್ ಡಬ್ಬಿಯಿಂದ ಹೊರಕ್ಕೆ. ನನ್ನ ತಕರಾರು ಇರುವುದು ಆ ಮೂಲೆಗೆಸೆಯುವ ಗಳಿಗೆಯ ಬಗ್ಗೆ.

ಚಪ್ಪಲಿ ಸವೆದ ಬಗೆ ನೋಡಿ ನಡಿಗೆ ಹೇಳಬಹುದು. ಪ್ಲೇಟ್ ಸವೆದ ಬಗೆ ನೋಡಿ ಕಾರು ಓಡಿದ ರೀತಿ ಹೇಳಬಹುದು. ಲೈನಿಂಗ್ ಎಲ್ಲ ಕಡೆ ಸಮನಾಗಿ ತೆಳುವಾಗಿ ರಿವೆಟ್ ತಲೆ ಮುಟ್ಟಿದ್ದರೆ ಅದು ಆಯಸ್ಸು ಮುಗಿಸಿದ ಪ್ಲೇಟ್, ಯಾರನ್ನೂ ದೂರಬೇಕಿಲ್ಲ. ಲೈನಿಂಗ್ ಕರಕಲಾಗಿ, ಫ್ಲೈವ್ಹೀಲ್ ಮುಖದ ಮೇಲೆ ನೀಲಿ ಕಲೆಗಳು ಎದ್ದಿದ್ದರೆ ಕಾರಣ ಹಾಫ್ ಕ್ಲಚ್ಚಿನ ಚಟ, ಇಲ್ಲವೇ ಪೆಡಲ್ ಬಿಟ್ಟ ಮೇಲೂ ಒತ್ತಿಕೊಂಡೇ ಇರುವ ರಿಲೀಸ್ ಬೇರಿಂಗ್. ಲೈನಿಂಗ್ ಎಣ್ಣೆ ಕುಡಿದಿದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲೋ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲೋ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟರೆ ಹೊಸ ಪ್ಲೇಟಿಗೂ ಅದೇ ಗತಿ. ಪ್ಲೇಟಿನ ನಡುವಿನ ಸ್ಪ್ರಿಂಗುಗಳು ಮುರಿದಿದ್ದರೆ ಫ್ಲೈವ್ಹೀಲಿನ ಮೇಲೆ ಅನುಮಾನ ಹೋಗಬೇಕು. ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ತುದಿಗಳು ಒಂದೇ ಪಕ್ಕ ಸವೆದಿದ್ದರೆ ಬೇರಿಂಗನ್ನು ತಳ್ಳುವ ಫೋರ್ಕನ್ನು ನೋಡಬೇಕು.

ಇದೆಲ್ಲ ಗೊತ್ತಿರುವ ಮೆಕ್ಯಾನಿಕ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಸೀಲ್ ಹಾಕಬೇಕು ಎಂದರೆ ಗಿರಾಕಿಗೆ ಬಿಲ್ ಏರಿಸುವ ಉಪಾಯವಾಗಿ ಕೇಳಿಸುತ್ತದೆ. ‘ಕಾರಿನದ್ದೇನೂ ತಪ್ಪಿಲ್ಲ ಸಾರ್, ನೀವು ಕಾಲನ್ನ ಕ್ಲಚ್ ಮೇಲೇ ಇಡ್ತೀರ’ ಎಂದು ಮಾಲೀಕನ ಮುಖಕ್ಕೆ ಹೇಳುವುದಂತೂ ಇನ್ನೂ ಕಷ್ಟ.

ಡೀಸೆಲ್ ಎಂಜಿನ್ನಿನ ಟಾರ್ಕೇ ಕ್ಲಚ್ಚನ್ನು ತಿನ್ನುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ನನಗದು ಅರ್ಧ ಸತ್ಯ. 2007ರಲ್ಲಿ ಬಂದ ಮಾರುತಿ ಸ್ವಿಫ್ಟ್ ಡೀಸೆಲ್ ಉದಾಹರಣೆ ತೆಗೆದುಕೊಳ್ಳಿ. ಫಿಯೆಟ್ ರೂಪಿಸಿದ ಅದರ 1,248 ಸಿಸಿ ಎಂಜಿನ್ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಮುಂದೆ ಅದೇ ಕಾರಿಗೆ ಬಂದ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನದು ಸುಮಾರು 115. ಆದರೆ ಆ 190ಕ್ಕೆ ತಕ್ಕ ಕ್ಲಚ್ಚನ್ನೇ ಕಂಪನಿ ಹಾಕಿರುತ್ತದೆ. ತೊಂದರೆ ಇರುವುದು 2,000ದ ಕೆಳಗೆ. ಅಲ್ಲಿ ಟರ್ಬೊ ಇನ್ನೂ ಎದ್ದಿರುವುದಿಲ್ಲ, ಎಂಜಿನ್ ಸಪ್ಪಗಿರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗ ಚಾಲಕ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಆ ಕೊರತೆ ತುಂಬಿಕೊಳ್ಳುತ್ತಾನೆ. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದು ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಕ್ಲಚ್ಚಿನ ಮೇಲೆಯೇ ಕಾರನ್ನು ನಿಲ್ಲಿಸಿಕೊಳ್ಳುತ್ತಾನೆ. ಅಂದರೆ ಪ್ಲೇಟನ್ನು ಸುಡುವುದು ಟಾರ್ಕಿಗಿಂತ ಹೆಚ್ಚಾಗಿ, ಬೇಕಾದ ಹೊತ್ತಿಗೆ ಟಾರ್ಕ್ ಇಲ್ಲದಿರುವುದು. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿತಾದರೂ ಆ ಹಳೆಯ ಕಾರುಗಳು ಇನ್ನೂ ರಸ್ತೆಯಲ್ಲಿವೆ. ಅವುಗಳ ಕ್ಲಚ್ ಬದಲಾಯಿಸಿ ಕೀಲಿಕೈ ಕೊಡುವಾಗ ಮಾಲೀಕನಿಗೆ ಇದನ್ನು ವಿವರಿಸದ ಗ್ಯಾರೇಜು ಅರ್ಧ ಕೆಲಸಕ್ಕೆ ಪೂರ್ತಿ ಮಜೂರಿ ಪಡೆದಂತೆ.

ಪ್ಲೇಟ್ ಒಂದನ್ನೇ ಹಾಕಿ ದುಡ್ಡು ಉಳಿಸುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಪ್ಲೇಟಿಗೇ ಲೈನಿಂಗ್ ಹೊಡೆಸುವ ಲಾರಿ ಲೋಕದ ರೂಢಿಯಿಂದ ಅದು ಕಾರಿಗೂ ಬಂದಿರಬೇಕು. ಸೊರಗಿದ ಪ್ರೆಶರ್ ಪ್ಲೇಟ್, ಗುಂಯ್‌ಗುಡಲು ಕಾದಿರುವ ಬೇರಿಂಗ್ ಒಳಗೇ ಉಳಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ ಮಜೂರಿ ಕೊಡಬೇಕು. ಬೇರಿಂಗ್ ಮತ್ತು ಸ್ಲೇವ್ ಸಿಲಿಂಡರ್ ಒಂದಾಗಿ ಬೆಲ್ ಹೌಸಿಂಗಿನ ಒಳಗಿರುವ ಕಾರುಗಳಲ್ಲಿ ಅದನ್ನೂ ಜೊತೆಗೇ ಬದಲಾಯಿಸುವುದು ಲೇಸು. ಸ್ಲೇವ್ ಸಿಲಿಂಡರ್ ಹೊರಗಡೆ ಇದ್ದು ಫೋರ್ಕ್ ತಳ್ಳುವ ಕಾರಾದರೆ, ಸೋರದಿದ್ದಲ್ಲಿ ಹಾಗೇ ಬಿಡಬಹುದು. ಕೆಟ್ಟಾಗ ಗೇರ್‌ಬಾಕ್ಸ್ ಇಳಿಸದೆಯೇ ಬದಲಾಯಿಸಲು ಬರುತ್ತದಲ್ಲ.

ಜೋಡಿಸುವಾಗಿನ ಅವಸರವೇ ಹೆಚ್ಚು ಹಾನಿ ಮಾಡುತ್ತದೆ. ಪ್ಲೇಟನ್ನು ನಡುಮಧ್ಯಕ್ಕೆ ತರುವ ಉಪಕರಣದ ಬದಲು ಕಣ್ಣಳತೆಯಲ್ಲೇ ಮುಗಿಸುವ ಕೈಚಳಕವನ್ನು ನಾವು ಮೆಚ್ಚುತ್ತೇವೆ, ನಾನೂ ಮೆಚ್ಚುತ್ತೇನೆ. ಆದರೆ ಗೇರ್‌ಬಾಕ್ಸನ್ನು ಮೇಲೆತ್ತುವಾಗ ಅದರ ಭಾರ ಇನ್‌ಪುಟ್ ಶಾಫ್ಟಿನ ಮೂಲಕ ಪ್ಲೇಟಿನ ಮೇಲೆ ತೂಗಿದರೆ ಹೊಸ ಪ್ಲೇಟ್ ಅಲ್ಲೇ ಬಾಗುತ್ತದೆ. ಆಮೇಲೆ ಗೇರ್ ಕಚ್ಚುವುದಿಲ್ಲ, ರಿವರ್ಸ್ ಹಾಕಿದರೆ ಕರಕರ. ಆಗ ಬೈಗುಳ ಬೀಳುವುದು ಪಾರ್ಟ್ ಕೊಟ್ಟ ಅಂಗಡಿಗೆ. ಸ್ಪ್ಲೈನಿಗೆ ಧಾರಾಳವಾಗಿ ಬಳಿದ ಗ್ರೀಸ್ ಲೈನಿಂಗಿಗೆ ಸಿಡಿಯುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯದಿದ್ದರೆ ಡಯಾಫ್ರಾಮ್ ಸೊಟ್ಟಗಾಗುತ್ತದೆ. ಲೈನಿಂಗಿನ ಧೂಳನ್ನು ಏರ್ ಹೊಡೆದು ಹಾರಿಸುವ ಅಭ್ಯಾಸವೂ ನಿಲ್ಲಬೇಕು. ಹಿಂದೆ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಈಗಿನ ಧೂಳೂ ಕೆಲಸಗಾರ ಹುಡುಗರ ಎದೆಗೆ ಒಳ್ಳೆಯದಲ್ಲ.

ಇನ್ನು ಡ್ಯುಯಲ್ ಮಾಸ್ ಫ್ಲೈವ್ಹೀಲ್. ಡೀಸೆಲ್ ಎಂಜಿನ್ನಿನ ಒಂದೊಂದು ಹೊಡೆತವೂ ಜೋರು. ಅದು ನೇರ ಗೇರ್‌ಬಾಕ್ಸಿಗೆ ತಾಗದಿರಲೆಂದು ಫ್ಲೈವ್ಹೀಲನ್ನು ಎರಡು ಭಾಗ ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದರ ಉತ್ಪಾದನೆ ಶುರುಮಾಡಿತು. ನಮ್ಮಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಟಿಡಿಐ ಕಾರುಗಳ ಮಾಲೀಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಇದು ಹೋದಾಗ ಗ್ಯಾರೇಜು ಮುಂದಿಡುವ ಅಗ್ಗದ ದಾರಿ, ಒಂದೇ ಗಟ್ಟಿ ಫ್ಲೈವ್ಹೀಲಿಗೆ ಬದಲಾಯಿಸುವುದು. ವ್ಯಾಲಿಯೊ ಕಂಪನಿ ಅದಕ್ಕೆಂದೇ ಕಿಟ್ ಮಾರುತ್ತದೆ. ಲುಕ್ ಬೇಡ ಎನ್ನುತ್ತದೆ. ಇಬ್ಬರ ಅಭಿಪ್ರಾಯವೂ ಅವರವರ ಕ್ಯಾಟಲಾಗಿಗೆ ಸರಿಯಾಗಿ ಹೊಂದುತ್ತದೆ ಎಂಬುದನ್ನು ಮರೆಯದಿರೋಣ. ಹಳೆಯ ಕಾರು, ವರ್ಷಕ್ಕೆ ಕಡಿಮೆ ಓಡಾಟ, ಮಾರಿದರೆ ದೊಡ್ಡ ಬೆಲೆ ಬರದು ಎನ್ನುವವರಿಗೆ ಗಟ್ಟಿ ಫ್ಲೈವ್ಹೀಲ್ ಒಪ್ಪತಕ್ಕ ರಾಜಿ. ನಿಂತಲ್ಲಿ ಗಡಗಡ ಸದ್ದು, ಕಡಿಮೆ ಆರ್‌ಪಿಎಂನಲ್ಲಿ ನಡುಕ, ಗೇರ್‌ಬಾಕ್ಸಿನ ಮೇಲೆ ಹೆಚ್ಚು ಹೊಡೆತ ಇವನ್ನು ಸಹಿಸಿಕೊಳ್ಳಬೇಕು, ಅಷ್ಟೆ. ನಾನು ಒಪ್ಪದಿರುವುದು ಎರಡು ಸಂಗತಿ: ಮಾಲೀಕನಿಗೆ ತಿಳಿಸದೆ ಹೀಗೆ ಬದಲಾಯಿಸುವುದು, ಮತ್ತು ಡ್ಯುಯಲ್ ಮಾಸ್ ಫ್ಲೈವ್ಹೀಲನ್ನೂ ಸಾಮಾನ್ಯ ಫ್ಲೈವ್ಹೀಲಿನಂತೆ ಲೇತಿಗೆ ಕಳಿಸಿ ಮುಖ ಹೊಡೆಸುವುದು. ಅದರ ಆಟವನ್ನು ತಯಾರಕರ ಮಿತಿಗೆ ಹೋಲಿಸಿ ಅಳೆಯಬೇಕು. ಕೈಯಲ್ಲಿ ಅಲ್ಲಾಡಿಸಿ ‘ಇನ್ನೂ ಓಡುತ್ತೆ’ ಎನ್ನುವುದು ಊಹೆ.

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಟಾರ್ಕ್ ವ್ರೆಂಚ್ ಇದೆ, ಉಪಕರಣ ಇದೆ, ಬಿಡಿಭಾಗ ನಕಲಿಯೇ ಎಂಬ ಭಯ ಕಡಿಮೆ. ಆದರೆ ಎಲ್ಲವನ್ನೂ ಬದಲಾಯಿಸಿಬಿಟ್ಟರೆ ಕಾರಣ ಹುಡುಕುವ ಗೊಡವೆಯೇ ಇಲ್ಲ ಎಂಬುದು ಅಲ್ಲಿನ ಸೋಮಾರಿತನ. ಬೀದಿ ಬದಿಯ ಗ್ಯಾರೇಜಿನಲ್ಲಿ ಕಾರಣ ತಿಳಿದವನಿದ್ದಾನೆ, ಉಪಕರಣವಿಲ್ಲ. ಎರಡರಲ್ಲಿ ಆರಿಸು ಎಂದರೆ ನಾನು ಎರಡನೆಯವನ ಬಳಿಗೇ ಹೋಗುತ್ತೇನೆ, ಪಾರ್ಟುಗಳನ್ನು ಬಿಲ್ ಸಮೇತ ನಾನೇ ಕೊಂಡುಕೊಟ್ಟು.

ಗೇರ್‌ಬಾಕ್ಸ್ ಇಳಿಸುವ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಗ್ಯಾರೇಜಿಗೆ ಹೋಗಿ. ಹಳೆಯ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ನೆಲದ ಮೇಲೆ ಇಡಿಸಿ, ಯಾಕೆ ಹೀಗಾಯಿತು ಎಂದು ಕೇಳಿ, ಉತ್ತರ ಸಿಗುವ ಮುನ್ನ ಹೊಸ ಡಬ್ಬಿ ಒಡೆಯಲು ಬಿಡಬೇಡಿ.