ಸೋಮವಾರಕ್ಕೆ ಒದಗದ ಜಲಪಾತ

ಕೆಲಸದ ಒತ್ತಡಕ್ಕೆ ಎದೆ ಡವಡವ ಹೊಡೆದುಕೊಂಡು, ಕೈಕಾಲು ಜೋಮು ಹಿಡಿದು, ಜೀವವೇ ಹೋಯಿತು ಎನಿಸಿದವರಿಗೆ ನಮ್ಮಲ್ಲಿ ಸಿಗುವ ಮೊದಲ ಸಲಹೆ, ‘ಎಲ್ಲಾದರೂ ಒಂದು ರೌಂಡ್ ಹೋಗಿ ಬಾ, ಸರಿಹೋಗುತ್ತೆ’ ಎಂಬುದು. ಬೆಂಗಳೂರಿನ ಎಷ್ಟೋ ಮಂದಿಗೆ ಆ ‘ಎಲ್ಲಾದರೂ’ ಎಂದರೆ ಶಿವನಸಮುದ್ರ. ಕನಕಪುರ, ಮಳವಳ್ಳಿ ದಾಟಿದರೆ ಗಗನಚುಕ್ಕಿ ಜಲಪಾತ. ಕೊಳ್ಳೇಗಾಲದ ದಿಕ್ಕಿಗೆ ಭರಚುಕ್ಕಿ. ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದು. ಪ್ರವಾಸವಾಗಿ ಇದರ ಬಗ್ಗೆ ತಕರಾರಿಲ್ಲ. ಆದರೆ ಮದ್ದೆಂದು ಹೇಳಿ ಕಳಿಸುವಾಗ ಅದನ್ನು ಮದ್ದಿನಂತೆಯೇ ಪರೀಕ್ಷಿಸಬೇಕಾಗುತ್ತದೆ.

ಗುಣ ಇಲ್ಲವೆಂದಲ್ಲ. ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರ ಗಮನವೆಲ್ಲ ಒಳಮುಖ: ನಾಡಿ ಜೋರಾಯಿತೇ, ಉಸಿರು ಕಟ್ಟಿತೇ ಎಂಬ ಕಾವಲು ತಪ್ಪುವುದೇ ಇಲ್ಲ. ಕವಲೊಡೆದ ಕಾವೇರಿ ಬಂಡೆಗಳ ಮೇಲೆ ಧುಮುಕುವ ಸದ್ದು ಆ ಗಮನವನ್ನು ಹೊರಕ್ಕೆಳೆಯುತ್ತದೆ. ನಡಿಗೆ, ಜೊತೆಗಾರರ ಮಾತು, ಆ ರಾತ್ರಿಯ ನಿದ್ದೆ, ಇವೆಲ್ಲ ದೇಹಕ್ಕೆ ಬೇಕಾದವೇ.

ಕೊರತೆ ತಿಳಿಯುವುದು ಸೋಮವಾರ. ಪ್ಯಾನಿಕ್ ಬರುವುದು ಮೀಟಿಂಗಿನಲ್ಲಿ, ಫ್ಲೈಓವರಿನ ಟ್ರಾಫಿಕ್ಕಿನಲ್ಲಿ, ಮ್ಯಾನೇಜರ್ ಹೆಸರು ಫೋನಿನಲ್ಲಿ ಮೂಡಿದಾಗ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಜಲಪಾತ ಆಗ ನೂರು ಕಿಲೋಮೀಟರಿಗೂ ದೂರ. ಬೇಸಿಗೆಯಲ್ಲಿ ಹೋದರೂ ಕಾಣುವುದು ಬಹುಪಾಲು ಬರಿಯ ಬಂಡೆ. ಇರುವ ನೀರು ವಿದ್ಯುದಾಗಾರದ ಪಾಲು.

ಇದಕ್ಕಿಂತ ಆಳವಾದ ದೋಷ ಇನ್ನೊಂದಿದೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ಕಿನ ವಿಷಚಕ್ರವನ್ನು ಸ್ಪಷ್ಟವಾಗಿ ವಿವರಿಸಿದರು. ಎದೆಬಡಿತ ಏರುತ್ತದೆ, ‘ಹಾರ್ಟ್ ಅಟ್ಯಾಕೇ ಇರಬೇಕು’ ಎಂದು ಮನಸ್ಸು ಅರ್ಥ ಹಚ್ಚುತ್ತದೆ, ಆ ಭಯಕ್ಕೆ ಬಡಿತ ಇನ್ನೂ ಏರುತ್ತದೆ. ಉಸಿರಾಟದ ವೇಗ ಹೆಚ್ಚಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದರಿಂದ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಆ ಗಳಿಗೆಯಲ್ಲಿ ಎದ್ದು ಓಡಿದರೆ ಮಿದುಳು ಕಲಿಯುವ ಪಾಠ ಒಂದೇ: ಓಡಿದ್ದಕ್ಕೆ ಬದುಕಿದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ. ಪ್ರತಿ ವಾರಾಂತ್ಯ ಊರು ಬಿಟ್ಟರೆ ಮಾತ್ರ ಉಳಿದೇನು ಎಂಬ ನಂಬಿಕೆ ಬೇರೂರಿದರೆ, ಭಾನುವಾರದ ಸಂಜೆಯೇ ಹೊಸ ಗಾಬರಿಯ ಹೊತ್ತಾಗುತ್ತದೆ.

ನನ್ನ ದೃಷ್ಟಿಯಲ್ಲಿ ಶಿವನಸಮುದ್ರದಲ್ಲಿ ನಿಜವಾದ ಚಿಕಿತ್ಸೆಗೆ ಹತ್ತಿರವಿರುವುದು ಭರಚುಕ್ಕಿಯ ಮೆಟ್ಟಿಲು. ಇಳಿಯಲು ಬಿಟ್ಟ ದಿನ ಕೆಳಗಿಳಿದು ಮತ್ತೆ ಹತ್ತಿದರೆ ಏದುಸಿರು, ಬೆವರು, ಎದೆಬಡಿತ, ಕಾಲುನಡುಕ, ಪ್ಯಾನಿಕ್ಕಿನ ಬಹುತೇಕ ಲಕ್ಷಣಗಳೆಲ್ಲ ಹಾಜರು. ಕಾರಣ ಗೊತ್ತಿರುವುದರಿಂದ ಹೆಚ್ಚಿನವರು ಹೆದರುವುದಿಲ್ಲ. ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಇದನ್ನೇ ಬೇಕೆಂದು ಮಾಡಿಸುತ್ತಾರೆ: ಮೆಟ್ಟಿಲು ಹತ್ತಿಸಿ, ವೇಗವಾಗಿ ಉಸಿರಾಡಿಸಿ, ‘ಈ ಬಡಿತದಿಂದ ಸಾಯುವುದಿಲ್ಲ’ ಎಂಬುದನ್ನು ದೇಹಕ್ಕೆ ಕಲಿಸುತ್ತಾರೆ. ಅದಕ್ಕೆ ಮನೆಯ ಮಹಡಿ ಮೆಟ್ಟಿಲೂ ಸಾಕು. ಆದರೆ ಮೊದಲ ಸಲ ಎದೆನೋವು ಬಂದಾಗ ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕದೆ ಇಸಿಜಿ ಮಾಡಿಸಬೇಕು, ಥೈರಾಯ್ಡ್ ನೋಡಿಸಬೇಕು. ಹೃದಯ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೆಯೇ ಈ ಅಭ್ಯಾಸ.

ಇಷ್ಟಾದರೂ ಹೊಣೆಯೆಲ್ಲ ರೋಗಿಯದೇ ಎನ್ನುವುದು ಅನ್ಯಾಯ; ದುಡಿಸುವ ವ್ಯವಸ್ಥೆಗೂ ಅದರಲ್ಲಿ ಪಾಲಿದೆ. ಇದೇ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ದೀಪ ಹೊತ್ತಿಸಿತು. ರಾತ್ರಿಯೂ ದುಡಿಯುವಷ್ಟು ಬೆಳಕು ಬಂದಮೇಲೆ ದುಡಿಮೆಗೊಂದು ಗಡಿ ಹಾಕುವುದು ಕಾನೂನಿನ ಕೆಲಸವಾಯಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿತು. 2024ರಲ್ಲಿ ಐಟಿ ನೌಕರರಿಗೆ 14 ಗಂಟೆಯ ದಿನಕ್ಕೆ ದಾರಿ ಮಾಡುವ ಪ್ರಸ್ತಾವ ಬಂದು, ನೌಕರರು ಬೀದಿಗಿಳಿದು ವಿರೋಧಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಕೆಲಸದ ಹೊರೆ, ವೇಳೆ, ಮೇಲಧಿಕಾರಿಗಳ ತರಬೇತಿಯನ್ನೂ ಮಾನಸಿಕ ಆರೋಗ್ಯದ ಪ್ರಶ್ನೆಯಾಗಿಯೇ ಎತ್ತಿಕೊಂಡಿದೆ. ವರ್ಷಕ್ಕೊಮ್ಮೆ ‘ಟೀಮ್ ಔಟಿಂಗ್’ ಎಂದು ಬಸ್ಸಿನಲ್ಲಿ ಜಲಪಾತಕ್ಕೆ ಕರೆತಂದು, ಮರುದಿನ ಅದೇ ಹೊರೆ ಹೊರಿಸುವ ಕಂಪನಿಗಳು ಈ ಮಾತನ್ನು ಓದಬೇಕು.

ಮನಸ್ಸಿನ ಕಾಯಿಲೆಗಳ ತಿಳಿವಳಿಕೆ ಕನ್ನಡಕ್ಕೆ ಹೊಸದೂ ಅಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಸರಳ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಬರೆದಿದ್ದಾರೆ. ಓದಿಗಷ್ಟೇ ಅಲ್ಲ, ಚಿಕಿತ್ಸೆಗೂ ದಾರಿಯಿದೆ: ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಒಟ್ಟು ತೀರ್ಪು ಹೀಗೆ: ಶಿವನಸಮುದ್ರದ ವಾರಾಂತ್ಯ ಒಳ್ಳೆಯ ವಿಶ್ರಾಂತಿ, ದುರ್ಬಲ ಚಿಕಿತ್ಸೆ. ಗಾಬರಿ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಿ. ಗಗನಚುಕ್ಕಿಗೆ ಆಮೇಲೆ ಹೋಗಿ; ಓಡಿಹೋದವರಂತೆ ಹೋಗಬೇಡಿ, ನೋಡಲು ಹೋಗಿ.