ತೆಂಗಿನ ಕಡ್ಡಿಯ ಗೆರೆ

ಬಾಪೂಜಿ ನಗರದ ನಮ್ಮ ಬೀದಿಯಲ್ಲಿ ಒಂದು ವರ್ಷ ಗೌರಿ ಹಬ್ಬಕ್ಕೆ ಮುಂಚೆ ಹೆಂಗಸರಿಗಾಗಿ ಮಣ್ಣಿನ ಗಣಪತಿ ಮಾಡುವ ಸ್ಪರ್ಧೆ ನಡೆಯಿತು. ಮೊದಲ ಬಹುಮಾನ ಬಂದದ್ದು ಅಂಗಡಿಯಿಂದ ತಂದಂತೆ ನುಣ್ಣಗಿದ್ದ ಗಣಪನಿಗೆ. ಮಾಡಿದಾಕೆ ಉಪಕರಣಗಳ ಪೆಟ್ಟಿಗೆಯನ್ನೇ ಕೊಂಡು ತಂದಿದ್ದರು. ಮುಖಕ್ಕೆ ಅಚ್ಚು ಬಳಸಿದ್ದರು. ತೀರ್ಪುಗಾರರು ಅದರ 'ಫಿನಿಷಿಂಗ್' ಹೊಗಳಿದರು. ಪಕ್ಕದಲ್ಲಿದ್ದ ಎದುರುಮನೆ ಅಜ್ಜಿಯ ಗಣಪ 'ಸ್ವಲ್ಪ ಒರಟು' ಎನಿಸಿಕೊಂಡ. ಆ ತೀರ್ಪಿನ ಮೇಲೆ ನನ್ನದೊಂದು ತಕರಾರಿದೆ.

ಅಜ್ಜಿಯ ಉಪಕರಣಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಹೊಟ್ಟೆಯ ಉಬ್ಬು ತೀಡಲು ಸಾರಿನ ಸೌಟಿನ ಬೆನ್ನು. ಕಿರೀಟದ ಮಣಿಗಳಿಗೆ ಪೆನ್ನಿನ ಮುಚ್ಚಳ. ಪಂಚೆಯ ನೆರಿಗೆಗೆ ತೆಂಗಿನ ಗರಿಯ ಕಡ್ಡಿ. ದೇವರಿಗೆ ಪೊರಕೆ ಸೋಕಬಾರದೆಂದು ಹಸಿ ಗರಿಯಿಂದಲೇ ಸೀಳಿದ್ದು. ಹೇರ್‌ಪಿನ್ನನ್ನು ಹಳೆಯ ಪೆನ್ನಿನ ತುದಿಗೆ ದಾರದಿಂದ ಬಿಗಿದು, ಬುಡದಿಂದ ಹೊಟ್ಟೆಯೊಳಗಿನ ಮಣ್ಣನ್ನು ಕೆರೆದು ತೆಗೆದಿದ್ದರು. ಒಳಗೆ ಮಣ್ಣು ದಪ್ಪಗೆ ಉಳಿದರೆ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಬಿರಿಯುತ್ತದೆ. ಚಕ್ಕುಲಿ ಒರಳನ್ನು ಮಾತ್ರ ಸೊಸೆ ಮುಟ್ಟಗೊಡಲಿಲ್ಲ.

ಪೆಟ್ಟಿಗೆಯ ಮೇಲೆ ನನಗೆ ಹಗೆಯಿಲ್ಲ. ಅದರಲ್ಲಿದ್ದ ತಂತಿಯ ಕುಣಿಕೆ ಮಾಡುವುದೂ ಅಜ್ಜಿಯ ಹೇರ್‌ಪಿನ್ನಿನ ಕೆಲಸವನ್ನೇ. ಅಜ್ಜಿಯ ಗಣಪನಲ್ಲಿ ದೋಷವೂ ಇತ್ತು. ಸೊಂಡಿಲು ಕೂಡಿದ ಕಡೆ ಕೂದಲೆಳೆಯಷ್ಟು ಬಿರುಕು. ಎರಡೂ ಬದಿ ಗೀರಿ, ಗಂಜಿಯಂತೆ ಕಲಸಿದ ಮಣ್ಣು ಸವರಿ ಕೂಡಿಸಬೇಕಿತ್ತು, ಅವಸರಪಟ್ಟಿದ್ದರು. ಅದಕ್ಕೆ ಅಂಕ ಕಳೆಯಲಿ. ಆದರೆ ಕಡ್ಡಿಯ ಗೆರೆಗೆ ಕಳೆದದ್ದು ಸರಿಯಲ್ಲ. ಆ ಗೆರೆ ಹೊಟ್ಟೆಯ ಉಬ್ಬಿನ ಮೇಲೆ ತೆಳುವಾಗಿ, ತೊಡೆಯ ಸಂದಿನಲ್ಲಿ ಆಳವಾಗಿ ಇಳಿದಿತ್ತು. ಬಿಗಿದುಟ್ಟ ಬಟ್ಟೆ ಇರುವುದೇ ಹಾಗೆ. ಸೀರೆಯ ನೆರಿಗೆ ಹಿಡಿದ ಕೈಗೆ ಅದು ಗೊತ್ತು. ಬಹುಮಾನದ ಗಣಪನ ಪಂಚೆಯ ಗೆರೆಗಳೋ, ಸ್ಕೇಲಿಟ್ಟು ಎಳೆದಂತೆ ಒಂದೇ ಸಮ.

2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹಗಳು ಬೇಡವೆಂದಿತು. ಕೆರೆಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ವರ್ಷಾನುವರ್ಷ ಪ್ಲಾಸ್ಟರು ನಮ್ಮ ಕಣ್ಣಿಗೆ ಕಲಿಸಿದ ನುಣುಪಿನ ರುಚಿ ಯಾವ ಆದೇಶದಿಂದಲೂ ಹೋಗುವುದಿಲ್ಲ. ಮಣ್ಣಿನ ಗಣಪನನ್ನು ಕೂರಿಸಿಕೊಂಡು, ಅವನಲ್ಲಿ ಪ್ಲಾಸ್ಟರಿನ ಚೆಲುವನ್ನೇ ಹುಡುಕುತ್ತೇವೆ.

ಕೋಲ್ಕತ್ತದ ಕುಮಾರ್‌ಟುಲಿಯಲ್ಲಿ ದುರ್ಗೆಯನ್ನು ರೂಪಿಸುವವರ ಕೈಯಲ್ಲಿರುವುದೂ ಸೀಳಿ ಹದಮಾಡಿದ ಬಿದಿರು ಕಡ್ಡಿ. ನಮ್ಮ ಕುಂಬಾರರು ಚಕ್ರದ ಮೇಲಿನ ಮಡಕೆಯನ್ನು ಕೊಯ್ದು ತೆಗೆಯುವುದು ಒಂದೆಳೆ ದಾರದಿಂದ. ಅದನ್ನು ಕಸುಬು ಎನ್ನುತ್ತೇವೆ. ಅದೇ ಜಾಣತನ ಅಡುಗೆಮನೆಯಿಂದ ಬಂದರೆ 'ಪಾಪ, ಮನೇಲಿದ್ದದ್ದರಲ್ಲೇ ಮಾಡಿದ್ದಾರೆ' ಎನ್ನುತ್ತೇವೆ. ಅಂದು ಹಾಗೆಂದವರಲ್ಲಿ ಹೆಂಗಸರೇ ಹೆಚ್ಚು, ನಾನೂ ಒಬ್ಬಳು.

"ಹೋಗ್ಲಿ ಬಿಡಮ್ಮ, ಹೊಟ್ಟೆ ಸರಿಯಾಗಿ ಬಂತಲ್ಲ" ಎಂದು ಅಜ್ಜಿ ನಕ್ಕರು. ಹಬ್ಬ ಮುಗಿದ ಸಂಜೆ ಅವರ ಗಣಪ ಬಕೆಟ್ಟಿನ ನೀರಿನಲ್ಲಿ ಕರಗಿದ. ಮರುದಿನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅದೇ ಸೌಟಿನಲ್ಲಿ ನನಗೆ ಸಾರು ಬಡಿಸಿದರು.